ನಾಲ್ಕು ಹನಿ ನೀಲಗಿರಿ

ಊಟಿಗೆ ಹೋಗಿ ನೀಲಗಿರಿ ಎಣ್ಣೆ ತರದೆ ಬಂದವರು ಊಟಿಗೆ ಹೋಗಿದ್ದರೆಂದು ನಮ್ಮ ಬೀದಿಯವರು ಒಪ್ಪುವುದೇ ಇಲ್ಲ. ಬೊಟಾನಿಕಲ್ ಗಾರ್ಡನ್ನಿನ ಹುಲ್ಲಿನ ಮೇಲೆ ನಿಂತ ಫೋಟೋ ಸಾಕ್ಷಿಗೆ ಸಾಲದು. ವರ್ಕಿ, ಚಾಕಲೇಟು, ಒಂದು ಬಾಟಲಿ ಎಣ್ಣೆ, ಈ ಮೂರೂ ಚೀಲದಿಂದ ಹೊರಬಂದು ಅಕ್ಕಪಕ್ಕದ ಮನೆಗಳಿಗೆ ಹಂಚಿಕೆಯಾದ ಮೇಲೆಯೇ ಪ್ರವಾಸಕ್ಕೆ ಮಾನ್ಯತೆ. ಎಣ್ಣೆ ಮಾರುವವನು ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ವಾಕ್ಯದಲ್ಲಿ ಆಡಬಲ್ಲ. ನಾವು ಅನುಮಾನದಿಂದ ಮೂಗು ಮುರಿಯುವುದಕ್ಕೆ ಮುಂಚೆಯೇ ಒಂದು ಚೂರು ಪೇಪರಿನ ಮೇಲೆ ಹನಿ ಬಿಟ್ಟು, ಗಾಳಿಯಲ್ಲಿ ಬೀಸಿ, "ನೋಡಿ ಸಾರ್, ಕಲೆ ಇಲ್ಲ, ಪ್ಯೂರು" ಎನ್ನುತ್ತಾನೆ. ಮಾತು ಸುಳ್ಳಲ್ಲ. ಸುಗಂಧ ತೈಲಗಳು ಆವಿಯಾಗಿ ಹಾರಿಹೋಗುತ್ತವೆ, ಕಡಲೆಕಾಯಿ ಎಣ್ಣೆ ಬೆರೆಸಿದ್ದರೆ ಜಿಡ್ಡು ನಿಲ್ಲುತ್ತದೆ. ಟರ್ಪೆಂಟೈನ್ ಬೆರೆಸಿದ್ದರೆ ಅದೂ ಹಾರಿಹೋಗುತ್ತದೆ ಎಂಬ ಮಾತನ್ನು ಮಾತ್ರ ಅವನು ಎತ್ತುವುದಿಲ್ಲ. ನೆಗಡಿಗೆ, ಮಂಡಿ ನೋವಿಗೆ, ಸೊಳ್ಳೆಗೆ, ನೆಲ ಒರೆಸುವುದಕ್ಕೆ ಎಂದು ಉಪಯೋಗಗಳನ್ನು ಅವನು ಒಪ್ಪಿಸುತ್ತಿದ್ದಾಗ ನಮ್ಮ ಗುಂಪಿನ ಒಬ್ಬರು, "ಕೊರೊನಾಗೆ?" ಎಂದು ಕೇಳಿಬಿಟ್ಟರು. ಅವನು ಒಂದು ಕ್ಷಣವೂ ತಡಮಾಡಲಿಲ್ಲ. "ಅದಕ್ಕೆ ದೊಡ್ಡ ಬಾಟ್ಲಿ ಇದೆ ಸಾರ್."

ಬೆಟ್ಟದ ಹೆಸರು ಹೊತ್ತಿದ್ದರೂ ಮರ ಆ ಬೆಟ್ಟದ್ದಲ್ಲ, ಆಸ್ಟ್ರೇಲಿಯಾದ್ದು. ಅಲ್ಲಿ ಜೋಸೆಫ್ ಬೊಸಿಸ್ಟೊ ಎಂಬ ಔಷಧ ವ್ಯಾಪಾರಿ 1852ರಲ್ಲಿ ಮೆಲ್ಬರ್ನಿನ ಹತ್ತಿರ ಭಟ್ಟಿ ಹೂಡಿ ಎಲೆಯಿಂದ ಎಣ್ಣೆ ಇಳಿಸಿ ಮಾರಲು ಶುರುಮಾಡಿದ. ನೀಲಗಿರಿ ಬೆಟ್ಟಗಳಿಗೆ ಮರ ಬಂದದ್ದು 1843ರ ಸುಮಾರಿಗೆ. ಬಂದದ್ದು ಯಾರ ಮೂಗಿನ ಸಲುವಾಗಿಯೂ ಅಲ್ಲ, ಸೌದೆಗಾಗಿ. ಚಳಿಗೆ ನಡುಗುತ್ತಿದ್ದ ದೊರೆಗಳು ಸುತ್ತಲಿನ ಶೋಲಾ ಕಾಡನ್ನು ಒಲೆಗೆ ಹಾಕಿ ಮುಗಿಸುತ್ತ ಬಂದಿದ್ದರು. ಬೇಗ ಬೆಳೆಯುವ ಮರವೊಂದು ಬೇಕಿತ್ತು. ಅದಕ್ಕೂ ಮೊದಲೇ, 1790ರ ಸುಮಾರಿಗೆ, ಟಿಪ್ಪು ಸುಲ್ತಾನ ನಂದಿಬೆಟ್ಟದಲ್ಲಿ ಇದನ್ನು ನೆಡಿಸಿದ್ದನೆಂಬ ಮಾತೂ ಇದೆ.

ಈ ಮರಕ್ಕೆ ಔಷಧದ ಕೀರ್ತಿ ಅಂಟಿಕೊಂಡ ಬಗೆ ತಮಾಷೆಯದು. ರೋಗವೆಲ್ಲ ಕೆಟ್ಟ ಗಾಳಿಯಿಂದ, ಅದಕ್ಕೆ ಮದ್ದು ಒಳ್ಳೆಯ ವಾಸನೆ ಎಂದು ಯುರೋಪು ನಂಬಿದ್ದ ಕಾಲ ಅದು. ರೋಮಿನ ಅಂಚಿನಲ್ಲಿ ತ್ರೆ ಫೊಂತಾನೆ ಎಂಬ ಮಠವಿದೆ. ಸುತ್ತ ಜವುಗು, ಮೈತುಂಬ ಮಲೇರಿಯಾ. 1870ರ ದಶಕದಲ್ಲಿ ಅಲ್ಲಿನ ಸನ್ಯಾಸಿಗಳು ನೀಲಗಿರಿ ತೋಪನ್ನೇ ಎಬ್ಬಿಸಿದರು, ಎಲೆಯ ಘಾಟಿಗೆ ಜ್ವರ ಓಡಿಹೋಗುತ್ತದೆಂದು. ಎಲೆಯಿಂದ ಒಂದು ಪಾನೀಯವನ್ನೂ ಮಾಡಿದರು. ಜ್ವರದ ಮಾತು ಹಾಗಿರಲಿ, ಪಾನೀಯ ಈಗಲೂ ಮಾರಾಟವಾಗುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಕೂತು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ನೋಡಿದ ಮೇಲೆ ಕೆಟ್ಟ ಗಾಳಿಯ ವಾದ ಬಿದ್ದುಹೋಯಿತು. ನೀಲಗಿರಿ ನೆಟ್ಟ ಕಡೆ ಜ್ವರ ಇಳಿದಿದ್ದರೆ ಅದರ ಪುಣ್ಯ ಜವುಗಿನ ನೀರು ಹೀರಿದ ಬೇರಿಗೆ ಸೇರಬೇಕು, ಹೆಸರು ಹೊಡೆದುಕೊಂಡದ್ದು ಎಲೆ. ನಮ್ಮ ಕೋಲಾರ, ತುಮಕೂರಿನ ಕಡೆ ಅದೇ ಬೇರು ಬೈಗುಳ ತಿಂದಿತು. ಜವುಗೇ ಇಲ್ಲದ ಊರಿನಲ್ಲಿ ಅದು ಬಾವಿಯ ನೀರಿಗೆ ಕೈಹಾಕಿತು. 1980ರ ದಶಕದಲ್ಲಿ ರೈತರು ನರ್ಸರಿಗೆ ನುಗ್ಗಿ ಸಸಿ ಕಿತ್ತರು, 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಇಷ್ಟೆಲ್ಲ ಆದರೂ ಗೂಡಿನಲ್ಲಿರುವ ಬಾಟಲಿಯ ಮರ್ಯಾದೆಗೆ ಒಂದು ಕೂದಲೂ ಕೊಂಕಿಲ್ಲ.

ನಮ್ಮ ಅಜ್ಜಿಗೆ ನೀಲಗಿರಿ ಎಣ್ಣೆ ಪೇಟೆಯ ಶೋಕಿ. ಅವಳ ಔಷಧಾಲಯ ಹಿತ್ತಲಿನಲ್ಲಿತ್ತು. ಮಗುವಿಗೆ ಕೆಮ್ಮು ಅಂದರೆ ದೊಡ್ಡಪತ್ರೆ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ಜೇನು ಸೇರಿಸಿ ನೆಕ್ಕಿಸುವುದು. ಮೂಗು ಕಟ್ಟಿದರೆ ಓಮ ಹುರಿದು ಹಳೆ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಬಿಸಿಬಿಸಿಯಾಗಿ ಮೂಸಿಸುವುದು. ತಲೆ ಭಾರ ಎಂದರೆ ತುಳಸಿ, ಮೆಣಸು, ಶುಂಠಿಯ ಕಷಾಯ. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಓಮದಲ್ಲಿ ಥೈಮಾಲ್, ತುಳಸಿಯಲ್ಲಿ ಯೂಜಿನಾಲ್ ಇದೆಯೆಂದು ನಾನು ಕಾಲೇಜಿನಲ್ಲಿ ಓದಿ ಬಂದು ವರದಿ ಒಪ್ಪಿಸಿದಾಗ ಅಜ್ಜಿ, "ಇರಲಿ ಬಿಡು, ಪಾಪ" ಎಂದಿದ್ದಳು. ಅವಳ ಭರವಸೆಯ ಮಾತು ಯಾವಾಗಲೂ ಒಂದೇ: "ಮೂಗು ಬಿಡತ್ತೆ, ನಿದ್ದೆ ಬರತ್ತೆ, ಬೆಳಿಗ್ಗೆ ಸ್ಕೂಲಿಗೆ ಹೋಗ್ತೀಯ." ಮೂರನೆಯದನ್ನು ಅವಳು ಹೇಳದಿದ್ದರೆ ನಾವು ಮೊದಲೆರಡಕ್ಕೆ ಇನ್ನಷ್ಟು ಸಹಕಾರ ಕೊಡುತ್ತಿದ್ದೆವು. ವೈರಸ್ಸನ್ನು ಕೊಲ್ಲುತ್ತೇನೆಂದು ಅಜ್ಜಿ ಯಾವತ್ತೂ ಹೇಳಲಿಲ್ಲ. ಹಾಗೆ ಹೇಳಿದವರು ನಮ್ಮ ಸೋದರಮಾವ.

ಮಾವ ಬ್ಯಾಂಕಿನಿಂದ ನಿವೃತ್ತರು. ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸವಾದರೂ ರಾತ್ರಿ ಊಟ ಬಿಟ್ಟು ಹುಡುಕುತ್ತಿದ್ದವರು, ವಾಟ್ಸ್ಯಾಪಿನಲ್ಲಿ ಬಂದದ್ದನ್ನು ಮಾತ್ರ ಎರಡು ಸಲ ಓದದೆ ಮುಂದಕ್ಕೆ ದಾಟಿಸುತ್ತಾರೆ. ಕೊರೊನಾ ಹೆಚ್ಚಿದ್ದ 2021ರ ಏಪ್ರಿಲ್–ಮೇ ತಿಂಗಳಲ್ಲಿ ಅವರು ಮನೆಮಂದಿಗೆಲ್ಲ ಪೊಟ್ಟಣ ಕಟ್ಟಿದರು. ಕರ್ಪೂರ, ಲವಂಗ, ಓಮ, ಮೇಲೆ ನಾಲ್ಕು ಹನಿ ನೀಲಗಿರಿ. ಮೂಸಿದರೆ ರಕ್ತದಲ್ಲಿ ಆಕ್ಸಿಜನ್ ಏರುತ್ತದೆಂದು ದೇಶಕ್ಕೆ ದೇಶವೇ ಓದಿದ ಸಂದೇಶ ಅದು. ಮಾವ ಲೆಕ್ಕದ ಮನುಷ್ಯರಾದ್ದರಿಂದ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಮೂಸುವ ಮೊದಲು ಮತ್ತು ಆಮೇಲೆ ಎಂದು ಹಳೆ ಡೈರಿಯಲ್ಲಿ ಎರಡು ಕಾಲಂ ಹಾಕಿದ್ದರು. ಎರಡನೆಯ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಒಂದಂಕಿ ಹೆಚ್ಚಿರುತ್ತಿತ್ತು. ತಣ್ಣನೆಯ ಬೆರಳಿಗೆ ಆ ಯಂತ್ರ ಕಡಿಮೆ ತೋರಿಸುತ್ತದೆ, ಪೊಟ್ಟಣವನ್ನು ಉಜ್ಜಿ ಉಜ್ಜಿ ಮೂಸುವಷ್ಟರಲ್ಲಿ ಬೆರಳು ಬೆಚ್ಚಗಾಗಿರುತ್ತದೆ. ನಾನು ಇದನ್ನು ಹೇಳಲಿಲ್ಲ. ಆ ತಿಂಗಳುಗಳಲ್ಲಿ ಸಿಲಿಂಡರಿಗಾಗಿ ಊರೆಲ್ಲ ಅಲೆದವರನ್ನು ನೋಡಿದ ಯಾರಿಗೂ ಇನ್ನೊಬ್ಬರ ಕೈಯಲ್ಲಿದ್ದ ಪೊಟ್ಟಣವನ್ನು ಕಿತ್ತುಕೊಳ್ಳುವ ಮನಸ್ಸು ಬರುತ್ತಿರಲಿಲ್ಲ.

ಪೊಟ್ಟಣವಾದರೂ ಸಾಧು. ಹಬೆ ಹಾಗಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಟವೆಲ್ ಮುಸುಕು ಹಾಕಿಕೊಂಡು ಕುದಿನೀರಿಗೆ ಮುಖ ಕೊಟ್ಟು ಕೂರುವುದು ಆಗ ಮನೆಮನೆಯ ತ್ರಿಕಾಲ ಸಂಧ್ಯಾವಂದನೆಯಾಯಿತು. ಮಾವ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವುದೋ ವಿಡಿಯೋ ನೋಡಿ, ಕುಕ್ಕರಿನ ವಿಷಲ್ ತೆಗೆದು ಆ ಜಾಗಕ್ಕೆ ಗ್ಯಾಸಿನ ಪೈಪ್ ಸಿಕ್ಕಿಸಿದರು. ಅತ್ತೆ ಬಂದು ನೋಡಿದರು. ಅವರು ವೈದ್ಯಶಾಸ್ತ್ರ ಓದಿದವರಲ್ಲ. "ಇದರಲ್ಲಿ ನಾಳೆ ಬೇಳೆ ಬೇಯಿಸಬೇಕು" ಎಂದಷ್ಟೇ ಹೇಳಿ ಪೈಪ್ ಕಿತ್ತರು. ದೊಡ್ಡ ಅನಾಹುತವೊಂದು ಹೀಗೆ ಬೇಳೆಯ ದೆಸೆಯಿಂದ ತಪ್ಪಿತು. ಎಲ್ಲ ಮನೆಗಳಿಗೂ ಆ ಅದೃಷ್ಟ ಇರಲಿಲ್ಲ. ಬಿಸಿನೀರಿನ ಪಾತ್ರೆ ಮಡಿಲಿಗೆ ಬಿದ್ದು ಸುಟ್ಟುಕೊಂಡ ಮಕ್ಕಳ ಬಗ್ಗೆ ಇಂಗ್ಲೆಂಡಿನ ವೈದ್ಯರು 2020ರಲ್ಲೇ ಎಚ್ಚರಿಕೆ ಬರೆದಿದ್ದರು. ಬಿಸಿ, ತೇವದ ಗಾಳಿ ನೆಗಡಿಗೆ ಒಳ್ಳೆಯದೇ ಎಂದು ನಡೆದ ಪ್ರಯೋಗಗಳನ್ನೆಲ್ಲ ಗುಡ್ಡೆಹಾಕಿ ತೂಗಿದ ಕಾಕ್ರೇನ್ ವಿಮರ್ಶೆಗೆ ಲಾಭವೂ ಖಚಿತವಾಗಿ ಕಾಣಲಿಲ್ಲ. ಮುಸುಕಿನೊಳಗೆ ಕೂತಷ್ಟು ಹೊತ್ತು ಹಿತವಾಗಿರುತ್ತದೆ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ, ಆ ಹೊತ್ತಿನಲ್ಲಿ ಫೋನ್ ನೋಡಲಾಗುವುದಿಲ್ಲ ಎಂಬುದೇ ಅರ್ಧ ಹಿತವಿರಬಹುದು.

ಹಾಗಾದರೆ ಈ ಎಣ್ಣೆಗಳು ವೈರಸ್ಸನ್ನು ಕೊಲ್ಲುವುದೇ ಇಲ್ಲವೆ? ಕೊಲ್ಲುತ್ತವೆ, ಗಾಜಿನ ತಟ್ಟೆಯಲ್ಲಿ. ಫ್ಲೂ, ಕೊರೊನಾ ಜಾತಿಯ ವೈರಸ್ಸುಗಳು ಕೊಬ್ಬಿನಂಶದ ಒಂದು ಕೋಟು ತೊಟ್ಟುಕೊಂಡು ತಿರುಗುತ್ತವೆ. ಸಾಬೂನಿಗೆ ಅವು ಸುಲಭವಾಗಿ ಬಲಿಯಾಗುವುದು ಅದಕ್ಕೇ. ನೀಲಗಿರಿ, ಟೀ ಟ್ರೀ, ಥೈಮ್ ಎಣ್ಣೆಗಳಿಗೂ ಕೊಬ್ಬೆಂದರೆ ನಂಟು. ತಟ್ಟೆಯಲ್ಲಿ ಸಾಕಷ್ಟು ಹಾಕಿದರೆ ಕೋಟು ಹರಿದು ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಪತ್ರಿಕೆಯಲ್ಲಿ 'ವೈರಸ್‌ಗೆ ರಾಮಬಾಣ' ಎಂಬ ತಲೆಬರಹ ಹುಟ್ಟುವುದು ಈ ತಟ್ಟೆಯಿಂದಲೇ. ಆದರೆ ನಮ್ಮ ಮೂಗಿನ ಒಳಪದರದ ಜೀವಕೋಶಗಳಿಗೂ ಕೊಬ್ಬಿನದೇ ಪೊರೆ. ವೈರಸ್ಸಿನ ಕೋಟು ಹರಿಯುವಷ್ಟು ಎಣ್ಣೆ ಸುರಿದರೆ ಮೂಗಿನ ಮೈಯೂ ಉಳಿಯುವುದಿಲ್ಲ. ಉಳಿಯುವಷ್ಟೇ ಹಾಕಿದರೆ ವೈರಸ್ಸಿಗೆ ಪರಿಮಳದ ಸ್ವಾಗತ ಸಿಕ್ಕಂತೆ. ಸಾಲದ್ದಕ್ಕೆ, ವೈರಸ್ ಒಮ್ಮೆ ಜೀವಕೋಶದ ಒಳಹೊಕ್ಕರೆ ಹೊರಗೆ ಸುಳಿದಾಡುವ ಘಮ ಅದನ್ನು ಹೇಗೆ ಮುಟ್ಟಬೇಕು? ಮತ್ತೆ ನೆಗಡಿ ಎಂಬುದೇನೂ ಒಬ್ಬ ಕಳ್ಳನ ಕೆಲಸವಲ್ಲ. ಅದನ್ನು ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ರೈನೋವೈರಸ್ಸಿಗೆ ಕೋಟೇ ಇಲ್ಲ, ಬರಿಮೈಯಲ್ಲೇ ಓಡಾಡುತ್ತದೆ. ಅದರ ಮುಂದೆ ಎಣ್ಣೆಯ ಪ್ರತಾಪ ತಟ್ಟೆಯಲ್ಲೂ ಅಷ್ಟಕ್ಕಷ್ಟೆ.

ಇಷ್ಟಾದರೂ ಕಟ್ಟಿದ ಮೂಗಿನ ಹತ್ತಿರ ಬಾಟಲಿ ಹಿಡಿದರೆ ಹಾ ಎನಿಸುತ್ತದಲ್ಲ, ಅದು? ವೇಲ್ಸಿನ ಕಾರ್ಡಿಫ್‌ನಲ್ಲಿ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರವನ್ನು ರಾನ್ ಎಕಲ್ಸ್ ಎಂಬ ವಿಜ್ಞಾನಿ 1988ರಲ್ಲಿ ತೆರೆದರು. ಮೂಗಿನೊಳಗೆ ಗಾಳಿ ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆಯುವುದು ಅವರ ಜೀವನದ ಉದ್ಯೋಗ. ಮೆಂಥಾಲ್, ಅಂದರೆ ಪುದೀನದ ಹೂ, ಮೂಸಿದವರ ಮೂಗನ್ನು ಅಳೆದಾಗ ಕಂಡದ್ದು ಇಷ್ಟು: ಮೂಗು ತೆರೆದಿರಲಿಲ್ಲ. ಮೊದಲು ಎಷ್ಟು ಕಟ್ಟಿತ್ತೋ ಆಮೇಲೂ ಅಷ್ಟೇ ಕಟ್ಟಿತ್ತು. ಮೂಗಿನ ಯಜಮಾನರು ಮಾತ್ರ ತೆರೆಯಿತೆಂದು ಪ್ರಮಾಣ ಮಾಡಿ ಹೇಳುತ್ತಿದ್ದರು. ನಮ್ಮ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ತಣ್ಣನೆಯ ಗಾಳಿ ಒಳಬಂದರೆ ಅದು ಗಂಟೆ ಬಾರಿಸುತ್ತದೆ, ಮೆಂಥಾಲ್ ತಾಕಿದರೂ ಬಾರಿಸುತ್ತದೆ. ಗಂಟೆ ಕೇಳಿದ ಮಿದುಳು ಗಾಳಿ ಬಂತೆಂದುಕೊಳ್ಳುತ್ತದೆ. ಆ ಪ್ರೋಟೀನನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರೂ ಬೇರೆಬೇರೆಯಾಗಿ ಮೆಂಥಾಲನ್ನೇ ಬಳಸಿ ಹುಡುಕಿದರು. ಉರಿಯ ಗಂಟೆಯನ್ನು ಜೂಲಿಯಸ್ ಅದಕ್ಕೂ ಮುಂಚೆ ಮೆಣಸಿನಕಾಯಿಯ ಖಾರದಿಂದ ಪತ್ತೆಹಚ್ಚಿದ್ದರು. ಇಬ್ಬರಿಗೂ ನೊಬೆಲ್ ಬಂದದ್ದು 2021ರ ಅಕ್ಟೋಬರಿನಲ್ಲಿ, ಮಾವನ ಪೊಟ್ಟಣಗಳ ಘಾಟು ನಮ್ಮ ಮನೆಯ ಪರದೆಗಳಿಂದ ಇನ್ನೂ ಹೋಗಿರಲಿಲ್ಲ.

ಅಂದರೆ ಮೋಸ ಹೋಗುವುದು ಮೂಗು, ವೈರಸ್ಸಲ್ಲ. ನನಗೆ ಇದರಲ್ಲಿ ಬೇಸರವೇನೂ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಯಿ ತೆರೆದು ಮಲಗಿ ಸೂರು ನೋಡುತ್ತಿರುವವನಿಗೆ ಹೀಗೆ ಮೋಸ ಹೋಗುವುದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ನಿದ್ದೆಯ ಮಾತು ಬಂದದ್ದರಿಂದ ಇನ್ನೊಂದು ಪ್ರಯೋಗವನ್ನು ಹೇಳಬೇಕು. 2010ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಕೆಮ್ಮು, ನೆಗಡಿಯ 138 ಮಕ್ಕಳನ್ನು ಮೂರು ಗುಂಪು ಮಾಡಿದರು. ಎಲ್ಲರೂ ಎರಡರಿಂದ ಹನ್ನೊಂದು ವರ್ಷದವರು. ಒಂದು ಗುಂಪಿನ ಎದೆಗೆ ಕರ್ಪೂರ, ಮೆಂಥಾಲ್, ನೀಲಗಿರಿಯ ಮುಲಾಮು, ಇನ್ನೊಂದಕ್ಕೆ ಬರೀ ವ್ಯಾಸಲೀನು, ಮೂರನೆಯದಕ್ಕೆ ಏನೂ ಇಲ್ಲ. ತೊಂದರೆ ಬಂದದ್ದು ವಾಸನೆಯಿಂದ. ಹಚ್ಚುವ ಅಮ್ಮನಿಗೆ ಡಬ್ಬಿಯಲ್ಲಿರುವುದು ಏನೆಂದು ತಿಳಿಯಬಾರದು, ಮುಚ್ಚಳ ತೆಗೆದರೆ ಅಡುಗೆಮನೆಯವರೆಗೂ ತಿಳಿಯುತ್ತದೆ. ಅದಕ್ಕೆ ಅವರು ಹೂಡಿದ ಉಪಾಯ ನನಗೆ ಬಲು ಇಷ್ಟ: ಎಲ್ಲ ಅಪ್ಪ ಅಮ್ಮಂದಿರ ಮೂಗಿನ ಕೆಳಗೂ ಮೊದಲೇ ಮುಲಾಮು ಬಳಿಸಿಬಿಟ್ಟರು! ಆದರೂ ಬಹುತೇಕ ಅಮ್ಮಂದಿರು ಸರಿಯಾಗಿಯೇ ಊಹಿಸಿದರು. ಅಮ್ಮಂದಿರಿಗೆ ಮರೆಮಾಚುವ ವಿಜ್ಞಾನ ಇನ್ನೂ ಹುಟ್ಟಿಲ್ಲ. ಬೆಳಿಗ್ಗೆ ವಿಚಾರಿಸಿದಾಗ ಮುಲಾಮಿನ ಗುಂಪಿನ ಮಕ್ಕಳು ಕಡಿಮೆ ಕೆಮ್ಮಿ ಹೆಚ್ಚು ಮಲಗಿದ್ದರು, ಅವರಿಂದಾಗಿ ಅಪ್ಪ ಅಮ್ಮಂದಿರೂ ಮಲಗಿದ್ದರು. ಮೂಗು ಬಿಡತ್ತೆ, ನಿದ್ದೆ ಬರತ್ತೆ ಎಂದು ಅಜ್ಜಿ ಕೊಟ್ಟ ಭರವಸೆಗೆ ಹೆಚ್ಚೂಕಡಿಮೆ ಮೊಹರು ಬಿದ್ದಂತಾಯಿತು. ಅವಳು ಹೇಳದೆ ನಾವು ಅವಳ ಬಾಯಿಗೆ ತುರುಕಿದ್ದಕ್ಕೆ ಮಾತ್ರ ಇನ್ನೂ ಸಾಕ್ಷಿ ಹುಡುಕುತ್ತಿದ್ದೇವೆ. ಅಜ್ಜಿಯನ್ನು ವೈರಸ್ ತಜ್ಞೆ ಮಾಡದಿದ್ದರೆ ಅವಳಿಗೆ ಗೌರವ ಕಡಿಮೆಯಾದೀತೆಂಬ ಅಂಜಿಕೆ ನಮಗೆ ಯಾಕೆ ಬಂತೋ.

ಆ ಮುಲಾಮಿನ ಹುಟ್ಟೂ ಮನೆಯ ಕೆಮ್ಮಿನಿಂದಲೇ. ನಾರ್ತ್ ಕೆರೊಲಿನಾದ ಲನ್ಸ್‌ಫರ್ಡ್ ರಿಚರ್ಡ್‌ಸನ್ ಎಂಬ ಔಷಧದಂಗಡಿಯವನು ಮಕ್ಕಳ ಗೊಗ್ಗರು ಕೆಮ್ಮಿಗೆಂದು ವ್ಯಾಸಲೀನಿಗೆ ಈ ಎಣ್ಣೆಗಳನ್ನು ಕಲಸಿ, ಭಾವನಾದ ಡಾಕ್ಟರ್ ವಿಕ್‌ನ ಹೆಸರಿಟ್ಟ. 1918ರ ಫ್ಲೂ ಬಂದಾಗ ಇಡೀ ಅಮೆರಿಕ ಅದನ್ನು ಎದೆಗೆ ಬಳಿದುಕೊಂಡಿತು. ಒಂದೇ ವರ್ಷದಲ್ಲಿ ಮಾರಾಟ 9 ಲಕ್ಷ ಡಾಲರಿನಿಂದ 29 ಲಕ್ಷಕ್ಕೆ ಏರಿತು. ರಿಚರ್ಡ್‌ಸನ್ ಮಾತ್ರ 1919ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ನಮ್ಮ ದೇಶದಲ್ಲಿ ಮಾರುವ ಡಬ್ಬಿಯ ಮೇಲೆ ಅದು ಆಯುರ್ವೇದ ಔಷಧವೆಂದು ಬರೆದಿರುತ್ತದೆ, ಒಳಗಿನ ಸಾಮಾನಿಗೆಲ್ಲ ದೇಸಿ ಹೆಸರು. ನಾರ್ತ್ ಕೆರೊಲಿನಾದ ಆ ಅಂಗಡಿಯವನು ಸದ್ದಿಲ್ಲದೆ ನಮ್ಮ ಋಷಿಪರಂಪರೆಗೆ ಸೇರಿಬಿಟ್ಟಿದ್ದಾನೆ. ಅವನಿಗಿಂತ ಮೊದಲೇ, 1893ರಲ್ಲಿ, ಕಾಶೀನಾಥುನಿ ನಾಗೇಶ್ವರ ರಾವ್ ಮುಂಬಯಿಯಲ್ಲಿ ಅಮೃತಾಂಜನ ಶುರುಮಾಡಿ ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿದ್ದರು. ಅದರಿಂದ ಬಂದ ಹಣದಲ್ಲಿ ಪತ್ರಿಕೆ ನಡೆಸಿದರು, ಸ್ವಾತಂತ್ರ್ಯ ಚಳವಳಿಗೆ ನಿಂತರು. ಕಚೇರಿಯಲ್ಲಿ ಯಾರಿಗೆ ತಲೆನೋವು ಬರುತ್ತಿತ್ತು, ಹಾಡುವವರಿಗೋ ಕೇಳುವವರಿಗೋ, ಎಂಬುದನ್ನು ಚರಿತ್ರೆ ದಾಖಲಿಸಿಲ್ಲ.

ಒಂದೊಂದು ಕಾಲಕ್ಕೆ ಒಂದೊಂದು ಎಣ್ಣೆಗೆ ಯೋಗ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ ಮೈಸೂರು ಸರ್ಕಾರ 1916ರಲ್ಲಿ ತನ್ನದೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಆಗ ಗಂಧದೆಣ್ಣೆ ಬರಿಯ ಅತ್ತರಿನ ಸಾಮಗ್ರಿಯಾಗಿರಲಿಲ್ಲ, ಡಾಕ್ಟರುಗಳು ಚೀಟಿಯಲ್ಲಿ ಬರೆದುಕೊಡುತ್ತಿದ್ದ ಔಷಧ, ಅದೂ ಹೇಳಿಕೊಳ್ಳಲು ನಾಚುವ ಕಾಯಿಲೆಗಳಿಗೆ. ಪೆನಿಸಿಲಿನ್ ಬಂದ ಮೇಲೆ ಚೀಟಿಯಿಂದ ಇಳಿದು ಸೋಪಿನಲ್ಲಿ ನೆಲೆನಿಂತು ಮರ್ಯಾದೆ ಗಳಿಸಿತು. ನೀಲಗಿರಿಗೆ ಇನ್ನೂ ಅಂಥ ನಿವೃತ್ತಿ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಅದರ ಮುಖ್ಯ ಸತ್ವವಾದ ಸಿನಿಯೋಲನ್ನು ಜರ್ಮನಿಯಲ್ಲಿ ಅಳತೆಯ ಗುಳಿಗೆ ಮಾಡಿ ನುಂಗಿಸುತ್ತಾರೆ. ಸೈನಸ್ ಊದಿಕೊಂಡವರಿಗೆ ಕೊಟ್ಟ ಪ್ರಯೋಗದಲ್ಲಿ ಹುಸಿಗುಳಿಗೆಯವರಿಗಿಂತ ಅವರಿಗೆ ಬೇಗ ಹಗುರವಾಯಿತು. ಅಲ್ಲೂ ಅದು ವೈರಸ್ಸಿನ ಬೆನ್ನಟ್ಟಿದಂತಿಲ್ಲ, ಊತ ಇಳಿಸಿದಂತಿದೆ.

ಈ ಗುಳಿಗೆಯ ವಿಷಯವನ್ನು ಮಾವನಿಗೆ ಹೇಳಬಾರದಿತ್ತು. ಜರ್ಮನ್ನರು ನುಂಗುತ್ತಾರೆಂದರೆ ನಾವೂ ಯಾಕೆ ನುಂಗಬಾರದೆಂದು ಮೊಮ್ಮಗನಿಗೆ ಜೇನಿನಲ್ಲಿ ನೀಲಗಿರಿ ಕಲಸಲು ಹೊರಟಿದ್ದರು. ಅದೃಷ್ಟಕ್ಕೆ ಬೀದಿಯ ಡಾಕ್ಟರು ಕಾಫಿಗೆಂದು ಬಂದಿದ್ದರು. ಅವರು ಕಪ್ಪು ಕೆಳಗಿಟ್ಟ ರಭಸಕ್ಕೇ ಮಾವ ಚಮಚ ಕೆಳಗಿಟ್ಟರು. "ಒಂದು ಟೀ ಚಮಚ ಸಾಕು ರಾಯರೇ, ಮಗು ಮಂಪರು ಬಂದು ಆಸ್ಪತ್ರೆ ಸೇರೋದಕ್ಕೆ. ಕರ್ಪೂರ ನುಂಗಿದ್ರೆ ಫಿಟ್ಸ್ ಬರತ್ತೆ. ಎರಡು ವರ್ಷ ತುಂಬದ ಮಗು ಮೂಗಿನ ಹತ್ರ ಮುಲಾಮೂ ತರಬೇಡಿ, ಉಸಿರೇ ಹಿಡಿದುಬಿಡಬಹುದು. ಉಬ್ಬಸ ಇದ್ದವರ ಹತ್ರ ಇನ್ನೂ ಜೋಪಾನ." ಇಷ್ಟು ಹೇಳಿ ಅವರು ಕರವಸ್ತ್ರ ತೆಗೆದು ಸೀನಿದರು. ಕರವಸ್ತ್ರದಿಂದ ಅಮೃತಾಂಜನದ ಘಮ ಬಂತು. ಮಾವ ನನ್ನ ಮುಖ ನೋಡಿದರು. "ನಂಗೆ ಐವತ್ತೆಂಟು" ಎಂದರು ಡಾಕ್ಟರು.

ಮೊನ್ನೆ ಮಳೆ ಹಿಡಿದು ಮನೆಯಲ್ಲಿ ಎಲ್ಲರ ಮೂಗೂ ಒಟ್ಟಿಗೆ ಕಟ್ಟಿದಾಗ ನಾನು ಮಾವನಿಗೆ ಇದನ್ನೆಲ್ಲ ಮತ್ತೆ ಬಿಡಿಸಿ ಹೇಳಿದೆ: ತಟ್ಟೆ ಬೇರೆ, ಮೂಗು ಬೇರೆ. ವಾಸನೆ ಹಿತ ಕೊಡುತ್ತದೆ, ಕಾಯಿಲೆ ತನ್ನ ದಾರಿಯಲ್ಲೇ ಹೋಗುತ್ತದೆ. ಉಸಿರು ಸಿಕ್ಕಿಹಾಕಿಕೊಂಡರೆ ಪೊಟ್ಟಣ ಬಿಟ್ಟು ಆಸ್ಪತ್ರೆಗೆ ಓಡಬೇಕು. ಕಾರ್ಡಿಫ್, ಪೆನ್ ಸ್ಟೇಟ್, ನೊಬೆಲ್ ಒಂದನ್ನೂ ಬಿಡಲಿಲ್ಲ. ಮಾವ ಬಹಳ ಗಮನವಿಟ್ಟು ಕೇಳಿದರು, ಎರಡು ಹೆಸರುಗಳ ಕಾಗುಣಿತವನ್ನೂ ಕೇಳಿ ಬರೆದುಕೊಂಡರು. ಬೆಳಿಗ್ಗೆ ಐದೂವರೆಗೆ ಮನೆತನದ ಗುಂಪಿನಲ್ಲಿ ಸಂದೇಶ ಬಂತು: "ನಮ್ಮ ಅಜ್ಜಿಯರ ಔಷಧಕ್ಕೆ ನೊಬೆಲ್! ಅಮೆರಿಕದ ವಿಜ್ಞಾನಿಗಳ ಒಪ್ಪಿಗೆ. ಹತ್ತು ಜನಕ್ಕೆ ಕಳಿಸಿ." ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಶಿವಮೊಗ್ಗದ ಚಿಕ್ಕಮ್ಮ ಮಾತ್ರ ಒಂದು ಪ್ರಶ್ನೆ ಹಾಕಿದ್ದರು: "ಅದೆಲ್ಲ ಸರಿ ಭಾವ, ನಮ್ಮನೆ ದೊಡ್ಡಪತ್ರೆ ಗಿಡಕ್ಕೇ ಬಿಳಿ ಹುಳ ಬಿದ್ದಿದೆ. ಅದಕ್ಕೇನು ಹಾಕಲಿ?"

ಎರಡು ನಿಮಿಷದಲ್ಲಿ ಮಾವನ ಉತ್ತರ ಬಂತು. "ಬೇವಿನೆಣ್ಣೆ. ಸೋಪಿನ ನೀರಿಗೆ ನಾಲ್ಕು ಹನಿ. ವಾರ ಬಿಟ್ಟು ಇನ್ನೊಂದ್ಸಲ."